ಪರೇಲ್‌ನಿಂದ ಆರೇಯ ತಬೇಲಕ್ಕೆ: ಗಿಣ್ಣು ಹಾಲಿನ ಬೆನ್ನು ಹಿಡಿದು

ದಾದರ್, ಪರೇಲ್, ಲಾಲ್‌ಬಾಗ್ ಪರಿಸರದ ಮರಾಠಿ ತಿಂಡಿ ಅಂಗಡಿಗಳ ಗಾಜಿನ ಕಪಾಟಿನಲ್ಲಿ ಚೌಕಾಕಾರವಾಗಿ ಕತ್ತರಿಸಿಟ್ಟ ‘ಖರ್ವಸ್’ ಕಂಡಾಗ ಹುಟ್ಟೂರಿನ ನೆನಪಾಗದ ತುಳು-ಕನ್ನಡಿಗರು ವಿರಳ. ಸಕ್ಕರೆಯ ಬಿಳಿ ತುಂಡು ಒಂದು, ಬೆಲ್ಲದ ಕಂದು ತುಂಡು ಇನ್ನೊಂದು. ಹೆಸರು ಮರಾಠಿಯದಾದರೂ ವಸ್ತು ನಮ್ಮ ಗಿಣ್ಣು. ಊರಿನಲ್ಲಿ ಹಟ್ಟಿಯಿದ್ದ ಮನೆಗಳಲ್ಲಿ ದನ ಕರು ಹಾಕಿತೆಂದರೆ ಎರಡು ದಿನದೊಳಗೆ ನೆರೆಕರೆಯ ಮನೆಗಳಿಗೆಲ್ಲ ಬಟ್ಟಲು ಹೋಗುತ್ತಿತ್ತು. ಅದು ಮಾರುವ ವಸ್ತುವಾಗಿರಲಿಲ್ಲ, ಹಂಚುವಂಥದ್ದು. ಮುಂಬಯಿಯಲ್ಲಿ ಅದೇ ಗಿಣ್ಣು ತೂಕದ ಮೇಲೆ ಸಿಗುತ್ತದೆ. ಚೈನಾ ಗ್ರಾಸ್ ಮತ್ತು ಡಬ್ಬಿಹಾಲು ಸೇರಿಸಿ ಮಾಡಿದ ಹುಸಿ ಗಿಣ್ಣೂ ಸಿಗುತ್ತದೆ ಎಂಬುದು ಬೇರೆ ಮಾತು. ನಿಜವಾದ ಗಿಣ್ಣು ಹಾಲು ಎಲ್ಲಿಂದ ಬರುತ್ತದೆ, ಅದನ್ನು ಕುಡಿಯಬೇಕಾದ ಕರು ಎಲ್ಲಿದೆ ಎಂಬ ಪ್ರಶ್ನೆ ಅಂಗಡಿಯ ಮುಂದೆ ನಿಂತಾಗ ಏಳುವುದಿಲ್ಲ. ತಬೇಲದ ಬಾಗಿಲಲ್ಲಿ ನಿಂತಾಗ ಏಳುತ್ತದೆ.

ಪರೇಲ್‌ನಲ್ಲಿ ಗಿರಣಿಗಳ ಭೋಂಗಾ ಮೊಳಗುತ್ತಿದ್ದ ಕಾಲದಲ್ಲಿ ಹಾಲಿಗೆ ಎರಡು ದಾರಿಗಳಿದ್ದವು. ಒಂದು, ಸೈಕಲಿನ ಎರಡು ಬದಿಗೆ ಕ್ಯಾನ್ ತೂಗಿಸಿಕೊಂಡು ಚಾಳಿನ ಮೆಟ್ಟಿಲು ಹತ್ತುತ್ತಿದ್ದ ಭಯ್ಯಾನ ತಬೇಲದ ಹಾಲು. ಇನ್ನೊಂದು, ಬೆಳಗಿನ ಜಾವ ಕಾರ್ಡು ಹಿಡಿದು ಸಾಲಿನಲ್ಲಿ ನಿಂತು ತರಬೇಕಾಗಿದ್ದ ಸರಕಾರಿ ಆರೇ ಕೇಂದ್ರದ ಬಾಟಲಿ ಹಾಲು. ತೆಳು ಅಲ್ಯುಮಿನಿಯಂ ಮುಚ್ಚಳದ ಆ ಗಾಜಿನ ಬಾಟಲಿಗಳನ್ನು ಇಂದಿನ ಅಜ್ಜ-ಅಜ್ಜಿಯಂದಿರು ಮರೆತಿಲ್ಲ. ಭಯ್ಯಾನ ಹಾಲಿನಲ್ಲಿ ನೀರೆಷ್ಟು ಎಂಬ ಜಗಳ ನಿತ್ಯದ್ದಾದರೂ, ಗಿಣ್ಣು ಹಾಲು ಬೇಕೆಂದು ಹೇಳಿಟ್ಟರೆ ತಂದುಕೊಡಬಲ್ಲವನು ಅವನೊಬ್ಬನೇ. 1982ರ ಜನವರಿಯ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿ, ಆ ಜಾಗದಲ್ಲಿ ಗೋಪುರಗಳೆದ್ದವು. ಹಾಲು ಪ್ಲಾಸ್ಟಿಕ್ ತೊಟ್ಟೆಗೆ ಬಂತು.

ನಗರದೊಳಗಿನ ತಬೇಲಗಳ ಕೊಳಕು ಮತ್ತು ಹಾಲಿನ ಕಲಬೆರಕೆ ಬ್ರಿಟಿಷರ ಕಾಲದಿಂದಲೂ ತಲೆನೋವಾಗಿತ್ತು. ಎಮ್ಮೆಗಳನ್ನು ಪೇಟೆಯಿಂದ ಹೊರಗೆ ಸಾಗಿಸುವ ಉದ್ದೇಶದಿಂದಲೇ 1949ರಲ್ಲಿ ಗೋರೆಗಾಂವ್ ಪೂರ್ವದ ಗುಡ್ಡ-ಕಾಡಿನ ನಡುವೆ ಆರೇ ಮಿಲ್ಕ್ ಕಾಲನಿ ಸ್ಥಾಪನೆಯಾಯಿತು. 1951ರಲ್ಲಿ ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಸುಮಾರು 3,000 ಎಕರೆ ಜಾಗ, ಸಾಲು ಸಾಲು ಕೊಟ್ಟಿಗೆಗಳ ಯುನಿಟ್‌ಗಳು, 16,000ದಷ್ಟು ಎಮ್ಮೆಗಳಿಗೆ ವ್ಯವಸ್ಥೆ. ಕೊಟ್ಟಿಗೆ ಸರಕಾರದ್ದು, ಎಮ್ಮೆ ಖಾಸಗಿ ಮಾಲಕರದ್ದು. ಇದರ ಹಿಂದಿದ್ದವರು ದಾರಾ ಖುರೋಡಿ. ಎಮ್ಮೆ ಹಾಲಿಗೆ ಕೆನೆ ತೆಗೆದ ಹಾಲಿನ ಪುಡಿ ಮತ್ತು ನೀರು ಸೇರಿಸಿ ಬಡವರ ಕೈಗೆಟಕುವ ‘ಟೋನ್ಡ್’ ಹಾಲು ಮಾಡಿದ ಖ್ಯಾತಿಯೂ ಅವರದ್ದೇ. 1963ರ ಮ್ಯಾಗ್ಸೆಸೆ ಪ್ರಶಸ್ತಿಯನ್ನು ವರ್ಗೀಸ್ ಕುರಿಯನ್ ಮತ್ತು ತ್ರಿಭುವನದಾಸ್ ಪಟೇಲ್ ಅವರೊಂದಿಗೆ ಖುರೋಡಿ ಹಂಚಿಕೊಂಡರೆಂಬುದು ಇಂದು ಹೆಚ್ಚಿನವರಿಗೆ ತಿಳಿದಿಲ್ಲ. ಕುರಿಯನ್ ಹೆಸರು ಮನೆಮಾತಾಯಿತು, ಮುಂಬಯಿಗೆ ಹಾಲು ಕುಡಿಸಿದ ಖುರೋಡಿ ಮರೆಗೆ ಸರಿದರು.

ಪರೇಲ್‌ನ ಕುಟುಂಬವೊಂದಕ್ಕೆ ರಜಾದಿನದಲ್ಲಿ ಮಕ್ಕಳಿಗೆ ಕೊಟ್ಟಿಗೆ ತೋರಿಸಬೇಕೆಂದಿದ್ದರೆ ಆರೇ ಈಗಲೂ ಸುಲಭದ ಜಾಗ. ಎಲ್ಫಿನ್‌ಸ್ಟನ್ ರೋಡ್, ಅಂದರೆ 2018ರಿಂದ ಪ್ರಭಾದೇವಿಯಾದ ನಿಲ್ದಾಣದಿಂದ ನಿಧಾನ ಲೋಕಲ್ ಹಿಡಿದು ಗೋರೆಗಾಂವ್‌ನಲ್ಲಿಳಿದರೆ ಪೂರ್ವದಿಂದ ರಿಕ್ಷಾ ಇದೆ. 2025ರಿಂದ ಸಿದ್ಧಿವಿನಾಯಕ ನಿಲ್ದಾಣದಲ್ಲಿ ಮೆಟ್ರೋ ಹತ್ತಿಯೂ ಆರೇ ಅಂಚಿಗೆ ಹೋಗಬಹುದು. ಈ ಮೆಟ್ರೋದ ಕಾರ್‌ಶೆಡ್‌ಗಾಗಿಯೇ 2019ರಲ್ಲಿ ಆರೇಯ ಮರಗಳಿಗೆ ರಾತ್ರೋರಾತ್ರಿ ಕೊಡಲಿ ಬಿದ್ದು ನಗರವೇ ಬೀದಿಗಿಳಿದದ್ದು. ತಬೇಲಗಳು ಖಾಸಗಿ ದುಡಿಮೆಯ ಜಾಗಗಳಾದ್ದರಿಂದ ಪರಿಚಯದ ಹಾಲಿನವನ ಮೂಲಕ ಮೊದಲೇ ಕೇಳಿಕೊಂಡು, ನಾಲ್ಕೈದು ಮಂದಿ ಮಾತ್ರ ಹೋಗುವುದು ಕ್ಷೇಮ. ಸಂಘದಿಂದ ಬಸ್ಸು ತುಂಬಾ ಜನ ಹೋದರೆ ಎಮ್ಮೆಗಳು ಗಾಬರಿಯಾಗಿ ಸೊರೆ ಬಿಡುವುದಿಲ್ಲ. ಚಿರತೆಗಳ ಓಡಾಟವಿರುವ ಪ್ರದೇಶವಾದ್ದರಿಂದ ಕತ್ತಲೆಗೆ ಮುನ್ನ ಮರಳಬೇಕು. ಮಧ್ಯಾಹ್ನ ಕರೆಯುವ ಹೊತ್ತು ಇದಕ್ಕೆಲ್ಲ ಅನುಕೂಲ.

ಊರಿನ ಹಟ್ಟಿಯ ಚಿತ್ರ ಇಟ್ಟುಕೊಂಡು ಹೋದವರಿಗೆ ತಬೇಲ ಮೊದಲು ನಿರಾಸೆ ತರುತ್ತದೆ. ಸೆಗಣಿಯ ತೇವ, ಸಾಲಾಗಿ ಕಟ್ಟಿದ ಕಪ್ಪು ಎಮ್ಮೆಗಳು, ಹಿಂಡಿ-ಹುಲ್ಲಿನ ವಾಸನೆ. ದನಗಳು ಕಡಿಮೆ. ಹರಿಯಾಣದ ಮುರ್ರಾ, ಗುಜರಾತಿನ ಜಾಫರಾಬಾದಿ, ಮೆಹಸಾಣಾ ತಳಿಗಳೇ ಇಲ್ಲಿನ ಬಂಡವಾಳ. ಕರು ಹಾಕಿದ ಎಮ್ಮೆಯನ್ನು ದೂರದ ಸಂತೆಯಿಂದ ದುಬಾರಿ ಬೆಲೆಗೆ ಕೊಂಡು ತರುವುದು, ಹಾಲಿರುವಷ್ಟು ತಿಂಗಳು ಕರೆಯುವುದು, ಬತ್ತಿದ ಮೇಲೆ ಸಾಗಿಸಿ ಇನ್ನೊಂದು ತರುವುದು ನಗರದ ತಬೇಲಗಳಲ್ಲಿ ಬಹುಕಾಲದಿಂದ ನಡೆದುಬಂದ ಲೆಕ್ಕಾಚಾರ. ಜಾಗಕ್ಕೂ ಮೇವಿಗೂ ದುಡ್ಡು ಸುರಿಯಬೇಕಾದಲ್ಲಿ ಕರುವನ್ನು ಸಾಕುವುದು ನಷ್ಟದ ಬಾಬ್ತು, ಅದರಲ್ಲೂ ಗಂಡು ಕರುವಿಗೆ ಬೆಲೆಯೇ ಇಲ್ಲ. ಆದರೆ ಎಮ್ಮೆಗೆ ಈ ಲೆಕ್ಕ ಗೊತ್ತಿಲ್ಲ. ಕರು ಮುಟ್ಟದೆ ಅದು ಸುಲಭವಾಗಿ ಸೊರೆ ಬಿಡುವುದಿಲ್ಲ. ಆಗ ಕೆಲವರು ಆಕ್ಸಿಟೋಸಿನ್ ಸೂಜಿಯ ಮೊರೆ ಹೋಗುತ್ತಾರೆ. ಹಾಲಿಗಾಗಿ ಹೀಗೆ ಚುಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಹೀಗಾಗಿ ತಬೇಲ ನೋಡಲು ಹೋದವರು ಕೇಳಬೇಕಾದ ಮೊದಲ ಪ್ರಶ್ನೆ ಹಾಲಿನ ದರವಲ್ಲ. ‘ಪಾಡಾ ಕಹಾಂ ಹೈ?’ ಎಂದು ಕರುವನ್ನು ಕೇಳಬೇಕು. ತಾಯಿಯ ಬಳಿ ಗಟ್ಟಿಮುಟ್ಟಾದ ಕರು ಕಟ್ಟಿರುವ ಸಣ್ಣ ತಬೇಲ ಸಿಕ್ಕಿದರೆ ಎರಡು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಗಿಣ್ಣು ಹಾಲಿನ ವಿಷಯದಲ್ಲಂತೂ ಈ ಪ್ರಶ್ನೆ ಇನ್ನೂ ಮುಖ್ಯ. ಮನುಷ್ಯರ ಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ರೋಗನಿರೋಧಕ ಅಂಶಗಳನ್ನು ಪಡೆದು ಹುಟ್ಟುತ್ತದೆ. ದನ-ಎಮ್ಮೆಯ ಕರು ಹೆಚ್ಚುಕಡಿಮೆ ಬರಿಗೈಯಲ್ಲಿ ಹುಟ್ಟುತ್ತದೆ, ಅದಕ್ಕೆ ಬೇಕಾದದ್ದೆಲ್ಲ ಗಿಣ್ಣು ಹಾಲಿನಲ್ಲೇ ಬರಬೇಕು. ಆ ಅಂಶಗಳನ್ನು ಹೀರಿಕೊಳ್ಳುವ ಕರುವಿನ ಕರುಳಿನ ಶಕ್ತಿ ಮೊದಲ ಕೆಲವು ಗಂಟೆಗಳಲ್ಲಿ ಜೋರಾಗಿದ್ದು, ಒಂದು ದಿನ ಕಳೆಯುವಷ್ಟರಲ್ಲಿ ಮುಗಿದೇ ಹೋಗುತ್ತದೆ. ಕರುವಿನ ತೂಕದ ಹತ್ತನೇ ಒಂದು ಪಾಲು ಗಿಣ್ಣು ಮೊದಲ ದಿನ ಅದರ ಹೊಟ್ಟೆ ಸೇರಬೇಕೆಂಬುದು ಪಶುವೈದ್ಯರ ಲೆಕ್ಕ. ಮೂವತ್ತು ಕಿಲೋದ ಕರುವಿಗೆ ಮೂರು ಲೀಟರ್. ಇದನ್ನು ಕಲಿಸುವ ಶಾಲೆ ಪರೇಲ್‌ನವರ ನೆರೆಮನೆಯೇ: 1886ರಲ್ಲಿ ಆರಂಭವಾದ ಬಾಂಬೆ ವೆಟರ್ನರಿ ಕಾಲೇಜು ಮತ್ತು ಅದಕ್ಕೆ ಹೊಂದಿಕೊಂಡ ಬಾಯಿ ಸಾಕರಬಾಯಿ ದಿನ್ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ ಇಲ್ಲಿಯೇ ಇವೆ. ಊರಿನ ಹಿರಿಯರು ಪುಸ್ತಕ ಓದದೆಯೇ ಮೊದಲು ಕರುವನ್ನು ಬಿಟ್ಟು, ಉಳಿದದ್ದನ್ನು ಕರೆಯುತ್ತಿದ್ದರು. ಹೆಚ್ಚು ಹಾಲಿನ ಎಮ್ಮೆಯಲ್ಲಿ ಕರು ಕುಡಿದ ಮೇಲೂ ಧಾರಾಳ ಉಳಿಯುತ್ತದೆ. ಉಳಿಯದಿದ್ದರೆ ಅಂದು ಗಿಣ್ಣು ಇಲ್ಲ, ಅಷ್ಟೇ.

ಹಾಲು ತಂದ ಮೇಲೆ ಒಂದು ಎಚ್ಚರ. ‘ಕರೆದ ಬಿಸಿ ಹಾಲು ಹಾಗೆಯೇ ಕುಡಿದರೆ ಶಕ್ತಿ’ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಕ್ಷಯ, ಬ್ರುಸೆಲ್ಲಾ ಜ್ವರಗಳು ಹಸಿ ಹಾಲಿನಿಂದ ಮನುಷ್ಯರಿಗೆ ಹರಡುತ್ತವೆ. ಹಾಲನ್ನು ಉಕ್ಕಿ ಬರುವಂತೆ ಕುದಿಸಿ, ನಂತರ ಸಣ್ಣ ಉರಿಯಲ್ಲಿ ಕೆಲವು ನಿಮಿಷ ಕೈಯಾಡಿಸಬೇಕು. ಪರೇಲ್‌ನ ಮನೆಗಳಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಟಾಟಾ ಆಸ್ಪತ್ರೆ, ಕೆಇಎಂ ಆಸ್ಪತ್ರೆಗಳಿಗೆ ಚಿಕಿತ್ಸೆಗೆಂದು ಊರಿನಿಂದ ಬಂದ ಬಂಧುಗಳು ಇಲ್ಲಿನ ನೆಂಟರ ಮನೆಗಳಲ್ಲಿ ಉಳಿಯುವುದು ತಲೆಮಾರುಗಳಿಂದ ನಡೆದು ಬಂದಿದೆ. ಕೀಮೋ ಪಡೆಯುತ್ತಿರುವವರಿಗೆ ಪ್ರೀತಿಯಿಂದ ‘ತಾಜಾ ಹಾಲು’ ಕೊಡಲು ಹೋಗಿ ಅಪಾಯ ತರಬಾರದು. ಹಸಿ ಹಾಲು, ಹಸಿ ಹಾಲಿನ ಬೆಣ್ಣೆ ಅವರಿಗೆ ಖಂಡಿತ ಕೂಡದು, ಗಿಣ್ಣು ಕೊಡುವ ಮುನ್ನವೂ ವೈದ್ಯರನ್ನು ಕೇಳಬೇಕು.

ಇನ್ನು ಅಡುಗೆ. ಗಿಣ್ಣು ಹಾಲು ಮೊದಲ ದಿನದ್ದು ತೀರಾ ದಪ್ಪ. ಒಂದು ಲೋಟಕ್ಕೆ ಎರಡರಿಂದ ಮೂರು ಲೋಟ ಸಾದಾ ಹಾಲು ಬೇಕು. ಎರಡನೇ ದಿನದ್ದಕ್ಕೆ ಸಮಸಮ, ಮೂರನೇ ದಿನದ್ದಕ್ಕೆ ಅರ್ಧ ಲೋಟವೂ ಹೆಚ್ಚಾಗಬಹುದು. ತಬೇಲದವನು ‘ಪಹಿಲಾ’ ಎಂದು ಕೊಟ್ಟದ್ದು ನಿಜವಾಗಿಯೂ ಯಾವ ಹೊತ್ತಿನದ್ದೆಂದು ಹೇಳಲಾಗದು. ಆದ್ದರಿಂದ ಮೊದಲು ಒಂದು ಸಣ್ಣ ಬಟ್ಟಲಲ್ಲಿ ಬೇಯಿಸಿ ನೋಡುವುದು ಅನುಭವಸ್ಥರ ಉಪಾಯ. ರಬ್ಬರಿನಂತಾದರೆ ಹಾಲು ಸೇರಿಸಬೇಕು, ಗಟ್ಟಿಯಾಗದಿದ್ದರೆ ಗಿಣ್ಣು ಹಾಲು ಸೇರಿಸಬೇಕು. ಒಂದು ಲೀಟರ್ ಮಿಶ್ರಣಕ್ಕೆ ಕಾಲು ಕಿಲೋದಷ್ಟು ಬೆಲ್ಲವನ್ನು ತುರಿದು, ಬಿಸಿ ಮಾಡದೆ ತಣ್ಣಗಿನ ಹಾಲಿನಲ್ಲೇ ಕರಗಿಸಿ ಸೋಸಬೇಕು. ಒಲೆಯ ಮೇಲಿಟ್ಟು ಕರಗಿಸಿದರೆ ಅಲ್ಲಿಯೇ ಒಡೆಯುತ್ತದೆ. ಏಲಕ್ಕಿ, ಒಂದು ಚಿಟಿಕೆ ಜಾಯಿಕಾಯಿ ಹಾಕಿ, ಹಬೆಯ ನೀರು ಬೀಳದಂತೆ ಪಾತ್ರೆ ಮುಚ್ಚಿ, ಇಡ್ಲಿ ಪಾತ್ರೆಯಲ್ಲೋ ವೆಯ್ಟ್ ಹಾಕದ ಕುಕ್ಕರಿನಲ್ಲೋ ಇಪ್ಪತ್ತೈದು ನಿಮಿಷ ಬೇಯಿಸಿದರೆ ಸಾಕು. ಪೂರ್ತಿ ತಣಿದ ಮೇಲೆಯೇ ಕತ್ತರಿಸಬೇಕು, ಇಲ್ಲದಿದ್ದರೆ ನೀರೊಡೆಯುತ್ತದೆ. ಉತ್ತರ ಕರ್ನಾಟಕದ ಕಡೆಯವರು ಬೆಲ್ಲ ಹಾಕಿ ನೇರ ಕುದಿಸಿ, ಒಡೆದು ಹರಳು ಹರಳಾದ ಗಿಣ್ಣವನ್ನೇ ಇಷ್ಟಪಡುತ್ತಾರೆ. ಅದರ ಹದ ಬೇರೆ, ರುಚಿಯೂ ಬೇರೆ. ಯಾವುದು ಮೇಲೆಂಬ ವಾದಕ್ಕೆ ಕೊನೆಯಿಲ್ಲ.

ಗಿಣ್ಣು ಸಿಗದ ದಿನ ಎರಡು ಲೀಟರ್ ಸಾದಾ ಹಾಲು ತಂದರೂ ಪ್ರಯಾಣ ವ್ಯರ್ಥವಾಗದು. ಎಮ್ಮೆ ಹಾಲಿನಲ್ಲಿ ಕೊಬ್ಬು ಶೇ. 6ರಿಂದ 8ರಷ್ಟು, ದನದ ಹಾಲಿಗಿಂತ ಹೆಚ್ಚುಕಡಿಮೆ ಇಮ್ಮಡಿ. ಕುದಿಸಿ ತಣಿಸಿದರೆ ಕೈಯಲ್ಲಿ ಎತ್ತಬಹುದಾದ ಕೆನೆ. ನಾಲ್ಕೈದು ದಿನ ಫ್ರಿಜ್‌ನಲ್ಲಿ ಕೂಡಿಸಿ, ಒಂದು ಚಮಚ ಮೊಸರಿನಿಂದ ಹೆಪ್ಪು ಹಾಕಿ ಕಡೆದರೆ ಬೆಣ್ಣೆ. ಮುಂಬಯಿಯ ಸೆಕೆಗೆ ಐಸು ನೀರು ಹಾಕದಿದ್ದರೆ ಅದು ಉಂಡೆ ಕಟ್ಟುವುದಿಲ್ಲ. ತುಪ್ಪ ಕಾಯಿಸುವಾಗ ನಾಲ್ಕು ನುಗ್ಗೆ ಸೊಪ್ಪಿನ ಎಲೆ ಅಥವಾ ಒಂದು ವೀಳ್ಯದೆಲೆ ಹಾಕುವ ಊರಿನ ಕ್ರಮ ಇಲ್ಲಿಯೂ ನಡೆಯುತ್ತದೆ. ತುಪ್ಪ ಊರಿನದ್ದರಂತೆ ಹಳದಿಯಾಗಲಿಲ್ಲವೆಂದು ಸಂಶಯ ಬೇಡ. ದನದ ಹಾಲಿಗೆ ಹಳದಿ ಕೊಡುವ ಕ್ಯಾರೋಟಿನ್ ಎಮ್ಮೆ ಹಾಲಿನಲ್ಲಿ ಇರುವುದಿಲ್ಲ. ತಳದ ಕಂದು ಚರಟವನ್ನು ಬೆಲ್ಲದ ಪುಡಿಯೊಂದಿಗೆ ಕಲಸಿದರೆ ಮಕ್ಕಳ ಪಾಲು.

ಉಳಿದ ಮಜ್ಜಿಗೆಗೆ ಮಾಟುಂಗಾ ಮಾರುಕಟ್ಟೆಯಿಂದ ತಂದ ಮಂಗಳೂರು ಸೌತೆಯ ಮಜ್ಜಿಗೆ ಹುಳಿ ಇದ್ದೇ ಇದೆ. ಅರೆದ ಕಾಯಿ-ಹಸಿಮೆಣಸಿನೊಂದಿಗೆ ಮಜ್ಜಿಗೆ ಸೇರಿಸಿದ ಮೇಲೆ ಕುದಿ ಬರುವ ಮೊದಲೇ ಇಳಿಸಿ, ತೆಂಗಿನೆಣ್ಣೆಯಲ್ಲಿ ಒಗ್ಗರಣೆ ಕೊಡಬೇಕು. ಅದಕ್ಕೂ ಸಮಯವಿಲ್ಲದವರಿಗೆ ಸಾಂಬ್ರಾಣಿ ಸೊಪ್ಪಿನ ತಂಬುಳಿ: ಏಳೆಂಟು ಎಲೆ, ಅರ್ಧ ಚಮಚ ಜೀರಿಗೆ, ಎರಡು ಒಳ್ಳೆಮೆಣಸನ್ನು ಅದೇ ತುಪ್ಪದಲ್ಲಿ ಬಾಡಿಸಿ, ಹಿಡಿ ಕಾಯಿತುರಿಯೊಂದಿಗೆ ಅರೆದು ಮಜ್ಜಿಗೆಗೆ ಸೇರಿಸಿದರಾಯಿತು. ಈ ಗಿಡಕ್ಕೆ ಅಂಗಳ ಬೇಕಿಲ್ಲ. ಊರಿನಿಂದ ತಂದ ಒಂದು ಗೆಲ್ಲು ಪರೇಲ್‌ನ ಚಾಳಿನ ಕಿಟಕಿಯ ಡಬ್ಬದಲ್ಲಿಯೂ ಬೇರು ಬಿಡುತ್ತದೆ.