ನೌಕೆ ನೆಲಕ್ಕೆ ಬಂದಾಗ

ಕಬ್ಬು ನುರಿಸುವ ಹಂಗಾಮು ಮುಗಿದೊಡನೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಸಕ್ಕರೆ ಕಾರ್ಖಾನೆಗಳಲ್ಲಿ ಇನ್ನೊಂದು ಬಗೆಯ ಕೆಲಸ ಮೊದಲಾಗುತ್ತದೆ. ಕಬ್ಬನ್ನು ಅರೆಯುವ ಉರುಳೆಗಳನ್ನು ಬಿಚ್ಚುತ್ತಾರೆ. ಬಾಯ್ಲರಿನ ಕೊಳವೆಗಳನ್ನು ತೊಳೆದು ಪರೀಕ್ಷಿಸುತ್ತಾರೆ. ಯಂತ್ರ ನಿಂತಾಗಲೇ ಅದರ ಸವಕಳಿ ಕಣ್ಣಿಗೆ ಬೀಳುವುದು. ಆದರೆ ಸದಾ ನೀರಿನಲ್ಲಿಯೇ ಇರುವ ಕಬ್ಬಿಣದ ಪಾಡೇನು? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ಹಿಡಕಲ್ ಜಲಾಶಯವನ್ನು ನಂಬಿ ಬೇಸಾಯ ಮಾಡುವ ಘಟಪ್ರಭೆಯ ರೈತರಿಗೂ ಅಂಥ ಸುದ್ದಿಯ ಅರ್ಥವನ್ನು ವಿವರಿಸಿ ಹೇಳಬೇಕಾಗಿಲ್ಲ.

ಸಹ್ಯಾದ್ರಿಯ ಆಚೆಗಿನ ಕಡಲಿನಲ್ಲಿ ತೇಲುವ ಹಡಗುಗಳಿಗಂತೂ ಈ ಚಿಂತೆ ತಪ್ಪಿದ್ದಲ್ಲ. ಅವುಗಳಲ್ಲಿ ಟಗ್ ಎಂಬ ಎಳೆನೌಕೆಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು ನೋಡಲು ಗಿಡ್ಡ, ಆದರೆ ಬಲದಲ್ಲಿ ಮಲ್ಲ. ನವಮಂಗಳೂರು ಬಂದರಿಗೆ ಕಚ್ಚಾತೈಲವನ್ನು ಹೊತ್ತು ಬರುವ ದೊಡ್ಡ ಹಡಗು ಇಕ್ಕಟ್ಟಾದ ಜಾಗದಲ್ಲಿ ತಾನಾಗಿ ತಿರುಗಲಾರದು. ಟಗ್ಗುಗಳೇ ಅದನ್ನು ಎಳೆದು, ನೂಕಿ ದಕ್ಕೆಗೆ ಒರಗಿಸಬೇಕು. ಉಡುಪಿ ಜಿಲ್ಲೆಯ ಮಲ್ಪೆಯಲ್ಲಿರುವ ಹಡಗುಕಟ್ಟೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ 62 ಟನ್ ಎಳೆತದ ಟಗ್ಗುಗಳು ತಯಾರಾಗಿವೆ. ಇಂಥ ನೌಕೆಗೆ ವಯಸ್ಸಾದಂತೆ ಎಂಜಿನ್ನಿನ ದೋಷ ಸದ್ದಿನಿಂದಲೇ ತಿಳಿಯುತ್ತದೆ. ಒಡಲಿನ ದೋಷಕ್ಕೆ ಸದ್ದಿಲ್ಲ. ಆದುದರಿಂದಲೇ ಕಡಲಿನ ಹಡಗುಗಳ ತಳವನ್ನು ಸಾಮಾನ್ಯವಾಗಿ ಐದು ವರ್ಷಗಳಲ್ಲಿ ಎರಡು ಸಲ ಪರೀಕ್ಷಿಸಬೇಕೆಂಬ ನಿಯಮವಿದೆ. ನಮ್ಮ ದೇಶದಲ್ಲಿ ಇಂಥ ಪರೀಕ್ಷೆಗಾಗಿ 1975ರಲ್ಲಿ ಭಾರತೀಯ ನೌಕಾ ನೋಂದಣಿ ಸಂಸ್ಥೆ ಸ್ಥಾಪನೆಯಾಯಿತು.

ನೂರಾರು ಟನ್ ತೂಕದ ನೌಕೆಯನ್ನು ದಡಕ್ಕೆ ತರುವುದು ಹೇಗೆ? ಕಾರವಾರದ ನೌಕಾನೆಲೆಯಲ್ಲಿ 10,000 ಟನ್ನಿನವರೆಗಿನ ಹಡಗನ್ನು ನೇರವಾಗಿ ಮೇಲಕ್ಕೆತ್ತುವ ಭಾರಿ ಏರ್ಪಾಡಿದೆ. ಸಣ್ಣ ನೌಕೆಗಳಿಗೆ ಹಳೆಯ ಉಪಾಯವೇ ಸಾಕು. ದಡದಿಂದ ನೀರಿನೊಳಕ್ಕೆ ಇಳಿಯುವ ಇಳಿಜಾರು ಹಾದಿಯ ಮೇಲೆ ಕಂಬಿಗಳನ್ನು ಹಾಕಿ, ಅವುಗಳ ಮೇಲೆ ಗಾಲಿಯುಳ್ಳ ತೊಟ್ಟಿಲನ್ನು ನೀರಿಗೆ ಇಳಿಸುತ್ತಾರೆ. ಉಬ್ಬರದ ಹೊತ್ತಿಗೆ ನೌಕೆಯನ್ನು ಅದರ ಮೇಲೆ ತೇಲಿಸಿ ತಂದು, ದಡದ ಮೇಲಿನ ವಿಂಚ್ ಯಂತ್ರದಿಂದ ಉಕ್ಕಿನ ಹಗ್ಗ ಹಾಕಿ ಎಳೆಯುತ್ತಾರೆ. ಹುದುಲಿನಲ್ಲಿ ಸಿಕ್ಕ ಚಕ್ಕಡಿಯನ್ನು ದಂಡೆಗೆ ಹತ್ತಿಸಿದ ಹಾಗೆಯೇ. ಇಪ್ಪತ್ತು ಅಡಿ ಉದ್ದಕ್ಕೆ ಒಂದಡಿ ಏರುವ ಹಾದಿಯಾದರೆ 300 ಟನ್ನಿನ ನೌಕೆಗೆ ಸುಮಾರು 15 ಟನ್ ಎಳೆತ ಸಾಕು. ಗಾಲಿಗಳ ಘರ್ಷಣೆ ಮತ್ತು ತೊಟ್ಟಿಲಿನ ತೂಕಕ್ಕಾಗಿ ಇನ್ನಷ್ಟು ಸೇರಿಸಬೇಕು.

ಲೆಕ್ಕ ಸುಲಭ, ಕೆಲಸ ಕಠಿಣ. ನೌಕೆಯು ತೇಲುವಾಗ ನೀರು ಅದನ್ನು ಎಲ್ಲ ಕಡೆಯಿಂದಲೂ ಹೊರುತ್ತದೆ. ದಡದಲ್ಲಿ ತೊಟ್ಟಿಲು ಹೊರುತ್ತದೆ. ಇವೆರಡರ ನಡುವಿನ ಗಳಿಗೆಯೇ ಅಪಾಯದ ಗಳಿಗೆ. ಟಗ್ಗಿನ ಹಿಂಭಾಗ ಹೆಚ್ಚು ಆಳ. ಅದು ಮೊದಲು ದಿಮ್ಮಿಗೆ ತಾಗಿದಾಗ ಮುಂಭಾಗ ಇನ್ನೂ ತೇಲುತ್ತಿರುತ್ತದೆ. ಆಗ ನೌಕೆಗೆ ನೆಟ್ಟಗೆ ನಿಲ್ಲುವ ಶಕ್ತಿ ಕುಂದಿ, ಅದು ಒಂದು ಪಕ್ಕಕ್ಕೆ ಉರುಳಬಹುದು. ಆದುದರಿಂದ ತೊಟ್ಟಿಗಳಲ್ಲಿನ ಎಣ್ಣೆ, ನೀರುಗಳ ತೂಕವನ್ನು ಮೊದಲೇ ಸರಿಹೊಂದಿಸಿರುತ್ತಾರೆ. ಮುಳುಗುಗಾರರು ಕೆಳಗಿಳಿದು ಪಕ್ಕದ ಆಸರೆಗಳನ್ನು ನೋಡಿಬರುತ್ತಾರೆ. ಬಿಗಿದ ಹಗ್ಗದ ಬಳಿ ಯಾರೂ ನಿಲ್ಲಕೂಡದು. ಅದು ಕಡಿದರೆ ಚಾಟಿಯಂತೆ ಬೀಸಿ ಪ್ರಾಣವನ್ನೇ ತೆಗೆಯುತ್ತದೆ.

ಮೇಲೆ ಬಂದ ನೌಕೆಯ ತಳವನ್ನು ಕಂಡವರಿಗೆ ಅದು ಉಕ್ಕಿನದೆಂಬ ನಂಬಿಕೆಯೇ ಬಾರದು. ಪಾಚಿ, ಹುಳುಗಳ ಸುಣ್ಣದ ಕೊಳವೆಗಳು, ಸಣ್ಣ ಚಿಪ್ಪುಜೀವಿಗಳು ಅದನ್ನು ಒತ್ತಾಗಿ ಮುಚ್ಚಿರುತ್ತವೆ. ಈ ಒರಟು ಹೊದಿಕೆಯಿಂದ ವೇಗ ತಗ್ಗುತ್ತದೆ, ಎಣ್ಣೆಯ ಖರ್ಚು ಏರುತ್ತದೆ. ರಭಸದ ನೀರಿನಿಂದ ಇವನ್ನೆಲ್ಲ ಕಿತ್ತುಹಾಕಬೇಕು. ಮರದ ದೋಣಿಗಳ ಕಾಲದಲ್ಲಿ ಕರಾವಳಿಯವರು ಮೀನೆಣ್ಣೆಯನ್ನೂ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಬಳಿದು ತಳವನ್ನು ಕಾಯುತ್ತಿದ್ದರು.

ಇಂಗ್ಲೆಂಡಿನ ಯುದ್ಧನೌಕೆಗಳ ಮರದ ತಳಕ್ಕೆ ತಾಮ್ರದ ತಗಡು ಹೊಡೆಯುತ್ತಿದ್ದ ಕಾಲವೊಂದಿತ್ತು. ಉಪ್ಪುನೀರು ತಾಮ್ರವನ್ನು ತಿನ್ನುವುದನ್ನು ತಡೆಯಲು ಹಂಫ್ರಿ ಡೇವಿ 1824ರಲ್ಲಿ ಒಂದು ಉಪಾಯ ಹೇಳಿದನು: ತಾಮ್ರಕ್ಕೆ ಸತು ಅಥವಾ ಕಬ್ಬಿಣದ ತುಂಡುಗಳನ್ನು ತಾಗಿಸಿದರೆ ಅವೇ ಮೊದಲು ಕರಗುತ್ತವೆ, ತಾಮ್ರ ಉಳಿಯುತ್ತದೆ. ತಾಮ್ರವೇನೋ ಉಳಿಯಿತು, ಆದರೆ ನೌಕೆಗಳ ತಳದಲ್ಲಿ ಚಿಪ್ಪುಗಳು ಗೊಂಚಲುಗಟ್ಟಿದವು! ತಾಮ್ರವು ಸ್ವಲ್ಪ ಸ್ವಲ್ಪವಾಗಿ ಕರಗಿ ಆ ಜೀವಿಗಳಿಗೆ ವಿಷವಾಗುತ್ತಿತ್ತು. ಕರಗುವುದು ನಿಂತೊಡನೆ ವಿಷವೂ ಇಲ್ಲವಾಯಿತು. ನೌಕಾದಳವು ಆ ಉಪಾಯವನ್ನು ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಉಕ್ಕಿನ ನೌಕೆಗಳಿಗೆ ಮಾತ್ರ ಡೇವಿಯ ತತ್ತ್ವ ವರವಾಗಿದೆ. ಇಂದಿಗೂ ತಳಕ್ಕೆ ಸತುವಿನ ಗಟ್ಟಿಗಳನ್ನು ಬಿಗಿಯುತ್ತಾರೆ. ಅವು ತಾವು ಕರಗಿ ಉಕ್ಕನ್ನು ಕಾಯುತ್ತವೆ. ಸವೆದ ಗಟ್ಟಿಗಳನ್ನು ತೆಗೆದು ಹೊಸತನ್ನು ಕೂಡಿಸುವುದು, ಅವಕ್ಕೆ ಮರೆತೂ ಬಣ್ಣ ತಾಗಿಸದಿರುವುದು ಕೆಲಸಗಾರರ ಕಟ್ಟುಪಾಡು.

ಬಣ್ಣದ ಕಥೆಯೂ ಸರಳವಲ್ಲ. ಚಿಪ್ಪುಗಳನ್ನು ದೂರವಿಡಲು ತವರದ ಸಂಯುಕ್ತ ಬೆರೆಸಿದ ಬಣ್ಣವೊಂದು ಬಹಳ ಕಾಲ ಬಳಕೆಯಲ್ಲಿತ್ತು. ಅದು ಬೇರೆ ಸಿಂಪಿ, ಶಂಖಗಳ ವಂಶವನ್ನೂ ಕೆಡಿಸುತ್ತದೆಂದು ತಿಳಿದು, 2008ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ಅದಕ್ಕೆ ನಿಷೇಧ ಬಂದಿತು. ಈಗಿನ ಬಣ್ಣಗಳಲ್ಲಿ ಹೆಚ್ಚಾಗಿ ತಾಮ್ರದ ಸಂಯುಕ್ತವಿರುತ್ತದೆ.

ಬಣ್ಣ ಬಳಿಯುವ ಮೊದಲು ತಗಡಿನ ದಪ್ಪವನ್ನು ಅಳೆಯಬೇಕು. ಕಿವಿಗೆ ಕೇಳಿಸದ ಧ್ವನಿಯನ್ನು ತಗಡಿನೊಳಕ್ಕೆ ಕಳುಹಿಸಿ, ಅದು ಮರಳಿ ಬರುವ ಕಾಲದಿಂದ ದಪ್ಪವನ್ನು ತಿಳಿಯುತ್ತಾರೆ. ಹತ್ತು ಮಿಲಿಮೀಟರಿನ ತಗಡು ಏಳಕ್ಕೆ ಇಳಿದಿದ್ದರೆ ಹೊರಗಿನ ಹೊಳಪಿನಿಂದ ಫಲವೇನು? ಆ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಅಷ್ಟು ದಿನವೂ ನೌಕೆಗೆ ಗಳಿಕೆಯಿಲ್ಲ, ಒಡೆಯನಿಗೆ ಅವಸರ. ಪರೀಕ್ಷಕನು ಆ ಅವಸರಕ್ಕೆ ಮಣಿದರೆ, ಬಿರುಗಾಳಿಯ ದಿನ ಅದರ ಬೆಲೆ ತೆರುವವರು ನೌಕೆಯೊಳಗಿನ ನಾವಿಕರು.

ಎಲ್ಲ ಮುಗಿದ ಮೇಲೆ ತೊಟ್ಟಿಲು ಮತ್ತೆ ನಿಧಾನವಾಗಿ ನೀರಿಗೆ ಇಳಿಯುತ್ತದೆ. ನೌಕೆ ಅರೆಬರೆ ತೇಲಿದೊಡನೆ ಇಳಿಸುವುದನ್ನು ತಡೆದು ನಿಲ್ಲಿಸುತ್ತಾರೆ. ಕೆಲವರು ದೀಪ ಹಿಡಿದು ಒಡಲಿನೊಳಕ್ಕೆ ಇಳಿದು, ಹೊಸ ಬೆಸುಗೆಗಳನ್ನೂ ಕಡಲ ನೀರಿನ ಕವಾಟಗಳನ್ನೂ ಒಂದೊಂದಾಗಿ ಮುಟ್ಟಿ ನೋಡುತ್ತಾರೆ. ಎಲ್ಲಿಯೂ ತೇವವಿಲ್ಲವೆಂದು ಅವರು ಕೂಗಿ ಹೇಳಿದ ಮೇಲೆಯೇ ಹಗ್ಗವನ್ನು ಸಡಿಲಿಸುವುದು.