12 ಗುಂಟೆ ಎಲ್ಲಿ ಹೋಯಿತು?

ಕೂಡ್ಲಿಗಿಯ ರೈತರೊಬ್ಬರ ಪಹಣಿಯಲ್ಲಿ 2 ಎಕರೆ 20 ಗುಂಟೆ ಇದೆ ಅಂದುಕೊಳ್ಳಿ. ಎಕರೆಗೆ 40 ಗುಂಟೆ, ಹಾಗಾಗಿ ಅದು ಎರಡೂವರೆ ಎಕರೆ. ಕಂಪ್ಯೂಟರ್ ಅದನ್ನೇ 2.20 ಎಕರೆ ಎಂದು ಓದಿದರೆ?

12 ಗುಂಟೆ ಮಾಯ!

ಅದಕ್ಕೇ ಕೋಡ್ ಬರೆಯುವ ಮೊದಲು, ತಂತ್ರಾಂಶ ಏನೇನು ಮಾಡಬೇಕೆಂದು ಬರೆದಿಡುತ್ತಾರೆ. ಆ ದಾಖಲೆಯೇ ಎಸ್‌ಆರ್‌ಎಸ್ (ಸಾಫ್ಟ್‌ವೇರ್ ರಿಕ್ವೈರ್‌ಮೆಂಟ್ಸ್ ಸ್ಪೆಸಿಫಿಕೇಶನ್).

ಕರ್ನಾಟಕದ ಭೂದಾಖಲೆಗಳ ‘ಭೂಮಿ’ ತಂತ್ರಾಂಶ ನೋಡಿ. ಖಾತೆ ಬದಲಾವಣೆಯಲ್ಲಿ ಮೊದಲು ಬಂದ ಅರ್ಜಿಗೇ ಮೊದಲ ಸರದಿ. ಸಿಬ್ಬಂದಿ ಲಾಗಿನ್‌ಗೆ ಬೆರಳಚ್ಚು. ಈ ಎರಡೂ ನಿಯಮಗಳನ್ನು ಪರೀಕ್ಷಿಸಿ ನೋಡಬಹುದು. ‘ಕೆಲಸ ಬೇಗ ಆಗಬೇಕು’ ಎಂದಷ್ಟೇ ಬರೆದರೆ ಅಳೆಯುವುದು ಹೇಗೆ?

ಎಸ್‌ಆರ್‌ಎಸ್ ಅನ್ನು ಆಗಾಗ ತಿದ್ದಲೂ ಬೇಕು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿತು, ಮತ್ತೆ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ‘ಜಿಲ್ಲೆ, ತಾಲ್ಲೂಕು ಬದಲಾಗಬಹುದು’ ಎಂಬ ಒಂದು ಸಾಲು ಮೊದಲೇ ಇದ್ದರೆ, ಹಡಗಲಿ, ಹಗರಿಬೊಮ್ಮನಹಳ್ಳಿಯ ಕಡತಗಳೂ ಹೊಸ ಜಿಲ್ಲೆಯಡಿ ಸಲೀಸಾಗಿ ಕೂರುತ್ತವೆ.