ಕಲ್ಲಿನ ಹೊರಮೈಯೂ ಚೀಲಕ್ಕೆ ಬೀಳಲಿ

ಅಮೆರಿಕದ ನೆವಾಡಾ ರಾಜ್ಯದ ಒಣ ಸೀಮೆಯಲ್ಲಿ ಕ್ಯೂಪ್ರೈಟ್ ಎಂಬ ಜಾಗವಿದೆ. ನೆಲದಾಳದ ಬಿಸಿನೀರು ಅಲ್ಲಿನ ಜ್ವಾಲಾಮುಖಿ ಶಿಲೆಗಳನ್ನು ಕೆಯೊಲಿನೈಟ್, ಅಲುನೈಟ್‌ನಂಥ ಖನಿಜಗಳಾಗಿ ಮಾರ್ಪಡಿಸಿದೆ. 1980ರ ದಶಕದಲ್ಲಿ ವಿಮಾನದಿಂದ ಹಿಡಿದ ವರ್ಣಪಟಲ ಚಿತ್ರಗಳು ಅಲ್ಲಿ ಬಡಿಂಗ್ಟೊನೈಟ್ ಎಂಬ ಅಮೋನಿಯಂಯುಕ್ತ ಫೆಲ್ಡ್‌ಸ್ಪಾರ್ ಇರುವುದನ್ನು ತೋರಿಸಿದವು. ಬರಿಗಣ್ಣಿಗೆ ಅದನ್ನು ಸುತ್ತಲಿನ ಕಲ್ಲಿನಿಂದ ಬೇರ್ಪಡಿಸುವುದು ಬಲು ಕಷ್ಟ, 2.12 ಮೈಕ್ರೋಮೀಟರ್ ಅಲೆಯುದ್ದದ ಆಸುಪಾಸಿನ ಬೆಳಕನ್ನು ಹೀರಿಕೊಳ್ಳುವುದೇ ಅದರ ಗುರುತು. ನೆಲದಿಂದ ತಂದ ಮಾದರಿಗಳು ಆ ಗುರುತನ್ನು ಖಚಿತಪಡಿಸಿದವು. ಚಿತ್ರವೇ ಇಷ್ಟು ಹೇಳುವಾಗ ಬಿಸಿಲಲ್ಲಿ ಕಲ್ಲು ಹೊರುವ ಕೆಲಸ ಇನ್ನೇಕೆ ಎಂದು ಕೇಳುವವರಿದ್ದಾರೆ. ಚಿತ್ರ ಚುರುಕಾದಷ್ಟೂ ಮಾದರಿ ಸಂಗ್ರಹದ ಯೋಜನೆಯೂ ಬಿಗಿಯಾಗಬೇಕು ಎಂಬುದು ನನ್ನ ವಾದ.

ಮೊದಲನೆಯದು ಅಳತೆಯ ಪ್ರಶ್ನೆ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದಲ್ಲಿ ಒಂದು ಪಿಕ್ಸೆಲ್ ಎಂದರೆ 30 ಮೀಟರ್ ಚೌಕ, ನಮ್ಮ ಲೆಕ್ಕದಲ್ಲಿ ಸುಮಾರು 9 ಗುಂಟೆ. ಅಷ್ಟು ನೆಲದ ಬಂಡೆ, ಮಣ್ಣು, ಒಣಹುಲ್ಲು, ನೆರಳು ಎಲ್ಲವೂ ಬೆರೆತು ಅಲ್ಲಿ ಒಂದೇ ಚುಕ್ಕೆಯಾಗುತ್ತವೆ. ಅಂಗೈಯಗಲದ ಒಂದು ಚೆಂದದ ಕಲ್ಲು ಇಡೀ 9 ಗುಂಟೆಗೆ ಸಾಕ್ಷಿ ನುಡಿಯಲಾರದು. ಜಿಪಿಎಸ್ ಕೆಲವು ಮೀಟರ್ ತಪ್ಪಬಹುದು, ಚಿತ್ರವೂ ನೆಲದ ಮೇಲೆ ಕರಾರುವಾಕ್ಕಾಗಿ ಕೂರದಿರಬಹುದು. ಆದ್ದರಿಂದ ಸುತ್ತ ಒಂದೇ ತೆರನಾಗಿರುವ, ಕನಿಷ್ಠ 90 ಮೀಟರ್ ಚೌಕದ ತುಣುಕನ್ನು ಆರಿಸಿ, ಅದರ ಹಲವು ಕಡೆಯಿಂದ ಚೂರುಗಳನ್ನು ತರುವುದು ಒಳಿತು. ಇನ್ನೊಂದು, ಅಭ್ಯಾಸಬಲದ ತೊಡಕು. ಭೂವಿಜ್ಞಾನಿಯ ಕೈ ಸುತ್ತಿಗೆಯಿಂದ ಕಲ್ಲೊಡೆದು ಹೊಸ ಮೈಯನ್ನೇ ಹುಡುಕುತ್ತದೆ. ಶಿಲೆಯ ಹುಟ್ಟು ತಿಳಿಯಲು ಅದು ಸರಿಯಾದ ದಾರಿಯೇ. ಆದರೆ ಆಕಾಶದ ಕಣ್ಣಿಗೆ ಬಿದ್ದದ್ದು ಮಿಲಿಮೀಟರಿಗಿಂತ ತೆಳುವಾದ, ಬಿಸಿಲುಮಳೆಗೆ ಸವೆದು ತುಕ್ಕುಬಣ್ಣ ಹತ್ತಿದ ಹೊರಮೈ. ಅದನ್ನು ಬಿಟ್ಟು ಒಳಗಿನ ತಿರುಳನ್ನಷ್ಟೇ ತಂದರೆ ಪ್ರಯೋಗಾಲಯ ಒಂದನ್ನು ಹೇಳುತ್ತದೆ, ಚಿತ್ರ ಮತ್ತೊಂದನ್ನು.

ಚಿತ್ರದಿಂದ ಮಾಡಿದ ನಕ್ಷೆ ಖನಿಜ ಇಲ್ಲವೆಂದು ಹೇಳಿದ ಕಡೆಗೂ ಹೋಗಬೇಕೆಂದಾಗ ಖರ್ಚಿನ ಆಕ್ಷೇಪ ಏಳುತ್ತದೆ. ವಾಹನ, ಕೂಲಿ, ಪರೀಕ್ಷೆ ಎಲ್ಲಕ್ಕೂ ಹಣ ಬೇಕು, ನಿಜ. ಆದರೆ ಇದೆ ಎಂದ ಕಡೆಗಷ್ಟೇ ಹೋದರೆ ನಕ್ಷೆ ಎಷ್ಟು ಸಲ ಸುಳ್ಳು ಆಸೆ ಹುಟ್ಟಿಸಿತೆಂದು ತಿಳಿಯುತ್ತದೆಯೇ ಹೊರತು, ಎಷ್ಟನ್ನು ಕಾಣದೆ ಬಿಟ್ಟಿತೆಂದು ಎಂದೂ ತಿಳಿಯದು. ಹಾಗಿದ್ದರೆ ಎಲ್ಲೆಡೆ ಸಮದೂರದ ಚೌಕುಳಿ ಹಾಕಬಾರದೇಕೆ? ಹಾಕಿದರೆ ಸಾಮಾನ್ಯ ಶಿಲೆಯೇ ಮತ್ತೆ ಮತ್ತೆ ಸಿಗುತ್ತದೆ. ಬಡಿಂಗ್ಟೊನೈಟಿನಂಥ ಸಣ್ಣ ಪಟ್ಟೆ ಚೌಕುಳಿಯ ಮನೆಗಳ ನಡುವೆ ನುಸುಳಿಹೋಗುತ್ತದೆ. ಚಿತ್ರವನ್ನು ಮೊದಲು ವರ್ಗಗಳಾಗಿ ವಿಂಗಡಿಸಿ, ಪ್ರತಿ ವರ್ಗದೊಳಗೆ ಚೀಟಿ ಎತ್ತಿದಂತೆ ಜಾಗ ಆರಿಸಿ, ಅಪರೂಪದ ವರ್ಗಕ್ಕೆ ನಾಲ್ಕು ಜಾಗ ಹೆಚ್ಚು ಕೊಡುವುದು ನ್ಯಾಯ. ಹತ್ತಲಾಗದ ಜಾಗಕ್ಕೆ ಬದಲಿಯನ್ನೂ ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಇಲ್ಲದಿದ್ದರೆ ಮಾದರಿಗಳೆಲ್ಲ ರಸ್ತೆ ಬದಿಯವೇ ಆಗುತ್ತವೆ.

ನಮ್ಮ ನೆಲ ನೆವಾಡಾದಷ್ಟು ಬಯಲಾಗಿಲ್ಲ. ಮಲೆನಾಡಿನಲ್ಲಿ ಕಾಡು ಅಡ್ಡ, ಕರಾವಳಿಯಲ್ಲಿ ಜಂಬಿಟ್ಟಿಗೆ. ಚಿನ್ನದ ಗಣಿಯಿರುವ ರಾಯಚೂರು ಜಿಲ್ಲೆಯ ಹಟ್ಟಿಯ ಸುತ್ತ ಎರೆಮಣ್ಣಿನ ಹೊಲಗಳು ಶಿಲೆಯನ್ನು ಮುಚ್ಚಿವೆ. ಅಂಥ ಕಡೆ ಮೇಲಿನ ಚಿತ್ರ ಮಣ್ಣಿನ ಗುಣವನ್ನಷ್ಟೇ ಹೇಳೀತು. ಆ ಹೊಲಗಳನ್ನು ನಕ್ಷೆಯಲ್ಲಿ ‘ಖನಿಜ ಇಲ್ಲ’ ಎಂಬ ಬಣ್ಣದಿಂದ ತುಂಬದೆ, ‘ಕಂಡಿಲ್ಲ’ ಎಂಬ ಬೇರೆ ಬಣ್ಣದಲ್ಲಿ ಬಿಡಬೇಕು. ಅಲ್ಲಿ ಬಾವಿ ತೋಡಿದಾಗ ಮೇಲೆ ಬಂದ ಕಲ್ಲನ್ನು ಮಾದರಿಯ ಪಟ್ಟಿಗೆ ಸೇರಿಸಬೇಕು.